ಗುಂಡಿಯಿಲ್ಲದ ಅಂಗಿ

ಅವರು ತೀರಿಹೋಗುವ ಹಿಂದಿನ ದಿನ ನಾವು ಜಗಳವಾಡಿದ್ದು ಉಲ್ಲನ್ ನಾರಿನ ವಿಷಯಕ್ಕೆ. ನನ್ನ ಟೀಯಲ್ಲಿ ಹಳದಿ ನಾರು ತೇಲುತ್ತಿತ್ತು.

"ಇದನ್ನ ಕುಡೀಬೇಕಾ, ಹೆಣೀಬೇಕಾ?" ಅಂದೆ.

"ಕುಡಿ, ಹೊಟ್ಟೆ ಬೆಚ್ಚಗಿರುತ್ತೆ," ಅಂದರು ಯಜಮಾನರು, ಕ್ರೋಶಾ ಕಡ್ಡಿಯಿಂದ ಕಣ್ಣು ತೆಗೆಯದೆ.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹುರಿಮೀಸೆ ಬೇರೆ. ಅಂಥವರು ಕೂಸುಗಳಿಗೆ ಅಂಗಿ ಹೆಣೆಯಲು ಕೂತರೆ ಜನಕ್ಕೆ ನಗಲು ಇನ್ನೇನು ಬೇಕು? ಅವರ ಅಣ್ಣ, ನಮ್ಮ ಭಾವ, ಬಂದಾಗಲೆಲ್ಲ "ಏನೋ, ಬಳೆ ಯಾವಾಗ ತೊಡ್ತೀಯ?" ಅನ್ನುತ್ತಿದ್ದರು. ಭಾವನಿಗೆ ತಮ್ಮ ಅಂಗಿಯ ಗುಂಡಿ ಹೊಲಿದುಕೊಳ್ಳಲೂ ಬಾರದು.

ಇವರು ಹೆಣೆದ ಅಂಗಿಗೆ ಗುಂಡಿಯೇ ಇರುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಒಂದು ಮಗು ಸ್ವೆಟರಿನ ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡು ನೀಲಿಗಟ್ಟಿತ್ತು. ಇವರೇ ಬೋರಲು ಹಿಡಿದು ಬೆನ್ನಿಗೆ ತಟ್ಟಿ ಉಗುಳಿಸಿದ್ದರು. ಅಂದಿನಿಂದ ಗುಂಡಿ ಕಂಡರಾಗದು. ಇವರದು ಎದೆಯ ಎರಡು ಅಂಚನ್ನು ಒಂದರ ಮೇಲೊಂದು ಮಡಚಿ, ಪಕ್ಕಕ್ಕೆ ದಾರ ಕಟ್ಟುವ ಅಂಗಿ. ಟಿಕೆಟ್ ಕಟ್ಟುಗಳಿಗೆ ಹಾಕುತ್ತಿದ್ದ ಗಂಟನ್ನೇ ಹಾಕುತ್ತಿದ್ದರು. ಮಗು ಎಷ್ಟು ಜಗ್ಗಿದರೂ ಬಿಚ್ಚದು; ಒಳಗೆ ಮಡಚಿಟ್ಟ ತುದಿ ಎಳೆದರೆ ಮಾತ್ರ ಬಿಚ್ಚುತ್ತದೆ.

ಮಾರುತ್ತಿದ್ದವಳು ಮಕ್ಕಳ ಬಟ್ಟೆ ಅಂಗಡಿಯಾಕೆ. "ಗಂಡಸು ಹೆಣೆದದ್ದು ಅಂದ್ರೆ ಯಾರು ತಗೊಳ್ತಾರೆ?" ಅಂತ ನನ್ನನ್ನು ಕೂರಿಸಿ ಫೋಟೋ ತೆಗೆಸಿ ಗೋಡೆಗೆ ಹಾಕಿದಳು. ಕೆಳಗೆ 'ಅಜ್ಜಿಯ ಕೈಕೆಲಸ' ಅಂತ ಬರೆಸಿದಳು. ಆ ಫೋಟೋದಲ್ಲಿ ನಾನು ಕಡ್ಡಿಯನ್ನು ತಲೆಕೆಳಗು ಹಿಡಿದಿದ್ದೇನೆ. ಆರು ವರ್ಷ ಒಬ್ಬ ಗಿರಾಕಿಗೂ ಗೊತ್ತಾಗಲಿಲ್ಲ. ಅಜ್ಜಿಯ ಮುಖದಲ್ಲಿ ಎಷ್ಟು ಪ್ರೀತಿ ಅನ್ನುತ್ತಿದ್ದರಂತೆ. ನನಗೆ ಅವತ್ತು ಹಲ್ಲುನೋವು.

ಆ ಟೀ ಜಗಳದ ಮರುದಿನ ಹನ್ನೊಂದು ಗಂಟೆಗೆ ಕುರ್ಚಿಯಲ್ಲೇ ಹೋದರು. ಮಡಿಲಲ್ಲಿ ಹಳದಿ ಅಂಗಿ, ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗಿಯ ಮಗುವಿಗೆಂದು. ಒಂದೇ ತೋಳಾಗಿತ್ತು.

ಭಾವ ಬಂದು ಬಾಗಿಲಲ್ಲೇ "ಬಂಗಾರದಂಥ ಕೈಯಮ್ಮಾ ಅವನದು!" ಅಂತ ಗೋಳಾಡಿದರು. ಬದುಕಿದ್ದಾಗ ಆ ಬಂಗಾರ ಕಣ್ಣಿಗೆ ಬಿದ್ದಿರಲಿಲ್ಲ.

ತಿಂಗಳೂ ಆಗಿರಲಿಲ್ಲ, ಅಂಗಡಿಯಾಕೆ ಬಂದು ಆ ಅಂಗಿ ಕೈಗೆತ್ತಿಕೊಂಡಳು.

"ಅಜ್ಜಿ, ಇನ್ನೊಂದು ತೋಳು ಯಾರ ಹತ್ರನಾದ್ರೂ ಹಾಕಿಸ್ತೀನಿ. ಎರಡು ಗುಂಡಿ ಇಟ್ರೆ ಮುಗೀತು. 'ಅಜ್ಜಿಯ ಕೊನೆಯ ಅಂಗಿ' ಅಂತ ಗಾಜಿನ ಬೀರುವಲ್ಲಿ ಇಡೋಣ."

"ಸತ್ತಿದ್ದು ನಾನಾ?"

"ಅಯ್ಯೋ, ಜನಕ್ಕೇನು ಗೊತ್ತಾಗುತ್ತೆ?"

ಅಂಗಿ ಕಿತ್ತುಕೊಂಡೆ. ಅವಳ ಬೆನ್ನಿಗೇ ಅಂಗಡಿಗೆ ಹೋಗಿ, ಸ್ಟೂಲು ಹತ್ತಿ ಫೋಟೋ ಇಳಿಸಿದೆ. ಅಲ್ಲಿದ್ದ ಇಬ್ಬರು ಗಿರಾಕಿಗಳಿಗೆ ಹೇಳಿದೆ: "ನಂಗೆ ಹೆಣೆಯೋಕೇ ಬರಲ್ಲ. ಇದೆಲ್ಲ ಹೆಣೆದಿದ್ದು ನನ್ನ ಗಂಡ. ಬಸ್ ಕಂಡಕ್ಟರು, ಇಷ್ಟುದ್ದ ಮೀಸೆ." ಒಬ್ಬಳು ಕೈಲಿದ್ದ, ಇವರೇ ಹೆಣೆದ ಟೋಪಿಯನ್ನು ಮೆಲ್ಲಗೆ ಕೆಳಗಿಟ್ಟಳು. ಮಗುವಿಗೆ ಮೀಸೆ ಬಂದೀತು ಅಂದುಕೊಂಡಳೋ ಏನೋ.

ಅಂಗಿಯನ್ನು ಹಾಗೇ ಮಹಡಿಯ ಹುಡುಗಿಗೆ ಕೊಟ್ಟೆ.

"ಅಜ್ಜಿ, ಒಂದು ತೋಳೇ ಇಲ್ವಲ್ಲಾ?"

"ಮಗು ಕೇಳ್ತಾ?"

ಇವರನ್ನು ನೋಡಿ ನೋಡಿ ಕಲಿತಿದ್ದ ಗಂಟನ್ನು ನಾಲ್ಕು ಸಲ ತೋರಿಸಿದೆ. ಬರಲಿಲ್ಲ. ಹದಿನೇಳು ವರ್ಷ ಓದಿದ್ದಾಳೆ. "ಗುಂಡಿ ಹೊಲಿಸಿಬಿಡ್ಲಾ?" ಅಂದಳು. ನಾನು ನೋಡಿದ ನೋಟಕ್ಕೆ ದಾರವನ್ನು ನನ್ನ ಕೈಗೇ ಕೊಟ್ಟಳು.

ಹಾಗಾಗಿ ದಿನಾ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಮಗುವನ್ನು ನನ್ನ ಬಾಗಿಲಿಗೆ ತರುತ್ತಾಳೆ. ನಾನು ಟೀ ಪಕ್ಕಕ್ಕಿಟ್ಟು, ಅವರ ಕುರ್ಚಿಯಲ್ಲಿ ಕೂತು, ಗಂಟು ಹಾಕಿ ತುದಿಯನ್ನು ಒಳಗೆ ಮಡಚುತ್ತೇನೆ.