ಕೀಲೆಣ್ಣೆ ಕುಡಿದ ಕಟಿಂಗ್ ಮಷೀನು

ಮೊನ್ನೆ ಮೊಮ್ಮಗನನ್ನು ಕಡೂರಿನ ಸಲೂನಿಗೆ ಕರೆದುಕೊಂಡು ಹೋಗಿದ್ದೆ. ತಿರುಗುವ ಕುರ್ಚಿಯಲ್ಲಿ ಮಹಾರಾಜನಂತೆ ಕೂತ ಅವನನ್ನು ನೋಡಿ ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಕರೆಂಟಿನ ಮಷೀನು ಗುಂಯ್ ಎಂದಿತು ನೋಡಿ, ನನ್ನ ಹಿಂದಲೆ ತಾನಾಗಿಯೇ ಚುರ್ ಎಂದಿತು. ಅರವತ್ತು ದಾಟಿದರೂ ನಮ್ಮಜ್ಜನ ಕೈಮಷೀನು ಕಿತ್ತ ನೋವು ಆ ಜಾಗ ಬಿಟ್ಟು ಹೋಗಿಲ್ಲ.

ಎಪ್ಪತ್ತರ ದಶಕದ ಅಜ್ಜಂಪುರದಲ್ಲಿ ಸಲೂನು ಇರಲಿಲ್ಲವೇ? ಗೋಡೆ ತುಂಬ ಕನ್ನಡಿಯಿದ್ದ ಸಲೂನು ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು. "ಎತ್ತಿನ ಕೊಂಬು ಹೆರೆಯೋ ಕೈ ಇದು, ನಿನ್ ತಲೆ ಏನ್ ಮಹಾ?" ಎನ್ನುತ್ತಿದ್ದ ಅಜ್ಜ. ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಗೋಣಿಚೀಲ ಹೊದಿಸಿ, ಮೊಣಕಾಲ ಸಂದಿಯಲ್ಲಿ ನನ್ನ ತಲೆ ಅಮುಕಿಕೊಂಡರೆ ಮುಗಿಯಿತು. ಆ ಮಷೀನು ಕತ್ತರಿಸುವುದಕ್ಕಿಂತ ಕೀಳುವುದೇ ಹೆಚ್ಚು. ಅಯ್ಯೋ ಎಂದರೆ, "ಅಲ್ಲಾಡ್ಬೇಡ ಕಣೋ, ನಮ್ಮ ಎತ್ತೇ ನಿನಗಿಂತ ವಾಸಿ" ಎನ್ನುವುದು ಬೇರೆ. ಈಗ ಆ ಹಿತ್ತಲೂ ಇಲ್ಲ, ಕಲ್ಲೂ ಇಲ್ಲ, ಬೈಯೋಣವೆಂದರೆ ಅಜ್ಜನೂ ಇಲ್ಲ.

ಒಂದು ಸೋಮವಾರ ತರೀಕೆರೆಯಲ್ಲಿ ನಮ್ಮ ಚಿಕ್ಕಮ್ಮನ ಮದುವೆ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ನನಗೆ ಅದೇ ಜಪ. ಹಿಂದಿನ ಸಂಜೆ ಅಜ್ಜ ಮಷೀನು ತೆಗೆದ. ಬಿಗಿಯಾಗಿತ್ತಂತೆ. ಕೊಬ್ಬರಿ ಎಣ್ಣೆ ಹಾಕಬಾರದಿತ್ತೇ? ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಬಳಿದುಬಿಟ್ಟ! ಎಡಗಡೆ ಬೋಳಾಗುವಷ್ಟರಲ್ಲಿ ಆ ಕರಿ ಜಿಡ್ಡಿಗೆ ಕೂದಲು ಮೆತ್ತಿಕೊಂಡು ಮಷೀನು ಬಾಯಿ ಕಚ್ಚಿಕೊಂಡಿತು. ಅಜ್ಜ ಸೀಮೆಎಣ್ಣೆ ಹಾಕಿ ತಿಕ್ಕುತ್ತ ಕೂತ. ಒಳಗೆ ಅಜ್ಜಿ ದೀಪ ಹಚ್ಚಿದಳು. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ತಲೆಗೆ ಕಬ್ಬಿಣ ಸೋಕಿಸುವಂತಿಲ್ಲ. ಸೋಮವಾರ ಶಿವನ ವಾರ, ಆಗಂತೂ ಇಲ್ಲವೇ ಇಲ್ಲ. ನನ್ನ ತಲೆ ಬಲಗಡೆ ಜೋಳದ ಹೊಲ, ಎಡಗಡೆ ಸಾರಿಸಿದ ಕಣ!

"ಈ ತಲೆ ಇಟ್ಕೊಂಡು ತವರಿಗೆ ಹೆಂಗ್ ಕರ್ಕೊಂಡ್ ಹೋಗ್ಲಿ ಮಾವ? ಇವ್ನು ಇಲ್ಲೇ ಇರ್ಲಿ" ಎಂದಳು ಅಮ್ಮ.

"ಕತ್ರೀಲಾದ್ರೂ ಮುಗ್ಸಜ್ಜ!" ಎಂದು ನೆಲಕ್ಕೆ ಬಿದ್ದು ಹೊರಳಾಡಿದೆ.

"ದೀಪ ಹಚ್ಚಾಯ್ತು, ನಾಳೆ ಶಿವನ ವಾರ. ಮೀರಂಗಿಲ್ಲ ಕಣೋ" ಎಂದ ಅಜ್ಜ.

ಎಂಥಾ ಹಟಮಾರಿ ನೋಡಿ! ಎಡವಟ್ಟು ಅವನದು, ಮದುವೆ ತಪ್ಪುವುದು ನನಗೆ.

ಬೆಳಿಗ್ಗೆ ಅಜ್ಜ ಟ್ರಂಕಿನಿಂದ ತನ್ನ ಜರಿ ರುಮಾಲು ತೆಗೆದ. ಬೀಗರ ಮನೆಗೆ ಕಟ್ಟುವಂಥದ್ದು ಅದೊಂದೇ. ರುಮಾಲಿಲ್ಲದೆ ಅಜ್ಜ ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಅದನ್ನು ನನ್ನ ತಲೆಗೆ ಬಿಗಿಯಾಗಿ ಸುತ್ತಿ, "ನಡಿಯೋ, ಬಸ್ ಬತ್ತೈತೆ" ಎಂದು ತಾನು ಬರಿದಲೆಯಲ್ಲಿ ಹೊರಟ. ಅಜ್ಜನ ಕೂದಲು ಕತ್ತರಿಸುತ್ತಿದ್ದವಳು ಅಜ್ಜಿ, ಅದೇ ಮಷೀನಿನಲ್ಲಿ. ಆ ತಲೆ ಕೆರೆಯ ಮೆಟ್ಟಿಲಿನಂತೆ ಏರಿಳಿದಿದ್ದು ಅವತ್ತೇ ಊರವರಿಗೆ ಗೊತ್ತಾಗಿದ್ದು. ಚಪ್ಪರದಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. "ಇದೇನ್ ಬೀಗ್ರೇ, ತಲೇಲಿ ಇಲಿ ಮೇಯ್ದಾವಾ?" ಎಂದರೊಬ್ಬರು.

"ಮನೇಲೇ ಮಾಡಿದ್ದು ಕಣ್ರೀ! ಹೆಂಗೈತೆ?" ಎಂದ ಅಜ್ಜ, ಎದೆಯುಬ್ಬಿಸಿ.

ನಾನು ಚಿಕ್ಕಮ್ಮನ ಪಕ್ಕದಲ್ಲೇ ಕೂತೆ. ಊಟವಾದ ಮೇಲೆ ಉರಿಬಿಸಿಲಿನಲ್ಲಿ ಬಸ್ಸಿಗೆ ಕಾಯುವಾಗ ಅಜ್ಜನ ನೆತ್ತಿ ಕೆಂಪಗಾಗಿತ್ತು. ರುಮಾಲು ಬಿಚ್ಚಿ ಕೊಡಲು ಹೋದೆ. "ಇರ್ಲಿ ಕಣೋ, ಜನ ನೋಡ್ತಾರೆ" ಎಂದು ನನ್ನ ತಲೆಯನ್ನೇ ಇನ್ನಷ್ಟು ಮುಚ್ಚಿ, ತನ್ನ ನೆತ್ತಿಗೆ ಅಂಗೈ ಅಡ್ಡ ಇಟ್ಟುಕೊಂಡು, ಬಸ್ಸು ಬರುವ ದಾರಿ ನೋಡುತ್ತ ನಿಂತ.