ತೂಕ ಅದೇ, ಅಳತೆ ಬೇರೆ

ಹಳಿಯಾಳದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆಯ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತ ಬಂದಿದ್ದೇನೆ. ಊರಿನ ಎಷ್ಟೋ ಹೆಂಗಸರ ಅಳತೆ ನನಗೆ ಬಾಯಿಪಾಠ. ಆದರೆ ನನ್ನ ಒಡಹುಟ್ಟಿದ ತಂಗಿ ಮಾತ್ರ ಸೊಂಟದ ಕೆಳಗೆ ಟೇಪು ಹಿಡಿಯಲು ಬಿಡುತ್ತಿರಲಿಲ್ಲ. ಒಂದು ಚೂಡಿದಾರ ಹೊಲಿದು ಕೊಡುತ್ತೇನೆ ಅಂದರೆ, ಸೀರೆ ಸಾಕು ಬಿಡು ಅನ್ನುತ್ತಿದ್ದಳು.

ಅವಳನ್ನು ಮುಂಡಗೋಡ ತಾಲ್ಲೂಕಿನ ಪಾಳಾಕ್ಕೆ ಕೊಟ್ಟಿದ್ದೇವೆ. ಹತ್ತಿರದ ಹೈಸ್ಕೂಲಿನಲ್ಲಿ ಆಟದ ಟೀಚರು, ಹುಡುಗಿಯರಿಗೆ ಖೋಖೋ ಕಲಿಸುತ್ತಾಳೆ. ಸಪೂರ ತೋಳು, ಸಣ್ಣ ನಡು. ಎರಡೂ ತೊಡೆಗಳ ಹೊರಮೈಗೆ ಮಾತ್ರ ಒಂದೊಂದು ಉಬ್ಬು. ನಮ್ಮವ್ವನಿಗೂ ಹಾಗೇ ಇತ್ತು. ಎರಡು ಹೆರಿಗೆಯ ಮೇಲೆ ತಂಗಿಗೆ ಅದು ಎದ್ದು ಕಾಣತೊಡಗಿತು. ಬೆಳಗಾದರೆ ಓಡುತ್ತಾಳೆ, ಊಟವೂ ಮಿತ. ಒಂದು ವರ್ಷ ರಾತ್ರಿಯೂಟ ಬಿಟ್ಟು ನೋಡಿದಳು. ಕೆನ್ನೆ ಗುಳಿಬಿತ್ತು, ಕೊರಳ ಎಲುಬು ಕಂಡವು, ಉಬ್ಬು ಕೂತಲ್ಲೇ ಕೂತಿತ್ತು.

ಎರಡನೇ ಬಾಣಂತನ ಮುಗಿಸಿ ಶಾಲೆಗೆ ಮರಳಿದಾಗ ಅವಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮೈದಾನಕ್ಕೆ ಇಳಿದಿದ್ದಳು. ಬೇಲಿಯಾಚೆ ನಿಂತ ಪಾಲಕರೊಬ್ಬರು, "ಟೀಚರು ಎರಡೂ ಕಡೆ ಗೊಂಜಾಳದ ಚೀಲಾ ಕಟಗೊಂಡು ಓಡಾಕತ್ತಾರ ನೋಡ್ರಿ" ಅಂದರಂತೆ. ಮೆಕ್ಕೆಜೋಳದ ಚೀಲ ಅಂದದ್ದೇ ತಡ, ಹುಡುಗಿಯರೂ ನಕ್ಕುಬಿಟ್ಟರು. ಅಂದಿನಿಂದ ಸೀರೆ. ಕಾಲೇಜಿನಲ್ಲಿದ್ದಾಗ ಇವಳು ಅಂಕಣದ ತುದಿಯ ಕಂಬದ ಬಳಿ, ಓಡುವವರನ್ನು ಮುಟ್ಟಲು ಹಾರಿ ಡೈವ್ ಹೊಡೆಯುವುದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಈಗ ಸೀರೆಯಲ್ಲಿ ನಿಂತು, ಹಿಂಗ ಹಾರ್ರಿ, ಹಂಗ ಕೈ ಚಾಚ್ರಿ ಎಂದು ಹೇಳುವುದಷ್ಟೇ. ಅವಳ ಹುಡುಗಿಯರು ವರ್ಷವೂ ಕಂಬದ ಹತ್ತಿರವೇ ಸೋಲುತ್ತಿದ್ದರು.

"ಡೈವ್ ಬಾಯಿಲೆ ಕಲಸಾಕ ಬರೂದಿಲ್ಲಕ್ಕ, ಮೈಲೆ ತೋರಸಬೇಕು" ಅಂದಳು ಒಂದು ಭಾನುವಾರ ನನ್ನ ಮಷಿನ್ನಿನ ಪಕ್ಕ ಕೂತು. "ನನ್ನ ಮೈ ನಾನ ಸೀರ್ಯಾಗ ಕಟ್ಟಿಟ್ಟೇನಿ."

ಆಮೇಲೆ ಮೆಲ್ಲಗೆ ಲೈಪೋಸಕ್ಷನ್ ಮಾತು ತೆಗೆದಳು. ಸಣ್ಣ ನಳಿಗೆ ತೂರಿಸಿ ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುತ್ತಾರಂತೆ. ನನಗೆ ನಗು ಬಂತು.

"ಹುಚ್ಚಿ, ಅದನ್ನ ಮಾಡಿಸ್ಕೊಳ್ಳೋರು ನನ್ನಂಥೋರು. ನಿನ್ನ ಮೈಯಾಗ ಏನೈತಿ ತಗ್ಯಾಕ?"

ಅವಳ ಗಂಡ ಹೆಚ್ಚು ಮಾತಿನವನಲ್ಲ. "ನಿನ್ನ ಮೈ, ನಿನ್ನ ದುಡಿಮಿ. ನಾ ಏನ ಅನ್ನಲಿ?" ಅಂದನಂತೆ. ಅವಳ ಅತ್ತೆಗೆ ಮಾತ್ರ ಏನು ಹೇಳುವುದೆಂದು ತಿಳಿಯದೆ, ಹೆಂಗಸರದ್ದೊಂದು ಸಣ್ಣ ಆಪರೇಶನ್ ಎಂದು ಹೇಳಿಬಿಟ್ಟೆವು. ಆ ಉಪಾಯ ನನ್ನದೇ.

ಹುಬ್ಬಳ್ಳಿಯ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ತಂಗಿಯನ್ನು ಪರೀಕ್ಷೆ ಮಾಡಿ ಮುಗಿಸಿದ ಮೇಲೆ ನಾನು ಬಾಯಿ ತಡೆಯದೆ, "ಬಂದದ್ದು ಬಂದೇವಿ, ನನಗೂ ಒಂದೀಟ ತಗದ ಕಳಸ್ರಲಾ ಡಾಕ್ಟರ್ರ" ಅಂದೆ.

ಅವರು ನಕ್ಕರು, ಆದರೆ ಉತ್ತರ ನಗೆಯದಾಗಿರಲಿಲ್ಲ. "ಅಕ್ಕಾರ, ಇದು ತೂಕಾ ಇಳಸೂ ಆಪರೇಶನ್ ಅಲ್ಲರಿ. ನಿಮ್ಮದು ಮೈತುಂಬ ಐತಿ. ಅದಕ್ಕ ಊಟ, ನಡಿಗಿ, ಬೇಕಾದರ ಔಷಧ, ಅದರ ದಾರೀನ ಬ್ಯಾರೆ. ಇವರ ತೂಕ ಬರೋಬ್ಬರಿ ಐತಿ. ಒಂದ ಕಡೆ ಅಷ್ಟ ಹಟಾ ಹಿಡದು ಕೂತೈತಿ, ಅಲ್ಲಿಷ್ಟು ಆಕಾರ ಕೊಡೂದು. ಮುಗಿಸಿ ತಕ್ಕಡಿ ಮ್ಯಾಲೆ ನಿಂತರ ಫರಕ ಕಾಣೂದಿಲ್ಲ."

ತಂಗಿಗೂ ಆಸೆ ಹುಟ್ಟಿಸುವ ಮಾತು ಆಡಲಿಲ್ಲ. ನೋವು, ಕಂದು ಕಲೆ, ತಿಂಗಳುಗಟ್ಟಲೆ ಬಾವು, ಒಮ್ಮೊಮ್ಮೆ ತಗ್ಗುದಿಣ್ಣೆ, ವಿರಳವಾಗಿ ಅಪಾಯ, ಎಲ್ಲವನ್ನೂ ಬಿಡಿಸಿ ಹೇಳಿ, ಒಂದು ತಿಂಗಳು ವಿಚಾರ ಮಾಡಿ ಬರ್ರಿ ಎಂದು ಕಳಿಸಿದರು. ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ತಿರುಗಿಸಿ ಕಳಿಸುವವರನ್ನು ನಾನು ನಮ್ಮ ಕಸುಬಿನಲ್ಲಿ ಕಂಡಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ತಿಂಗಳಾದ ಮೇಲೆ ಹೋದೆವು. ಆಪರೇಶನ್ನಿಗೆ ಮೊದಲು ತಂಗಿಯನ್ನು ನಿಲ್ಲಿಸಿ, ಪೆನ್ನಿನಿಂದ ಅವಳ ತೊಡೆಯ ಮೇಲೆ ಗೆರೆ ಎಳೆಯತೊಡಗಿದರು. ಉಬ್ಬಿನ ಸುತ್ತ ಒಂದು, ಅದರೊಳಗೆ ಇನ್ನೊಂದು. ನಾನು ಅರಿವೆಯ ಮೇಲೆ ಸೀಮೆಸುಣ್ಣದಿಂದ ಹಾಕುವ ಗುರುತಿನ ಹಾಗೆಯೇ.

"ಮಲಗಿದರ ಮಾಂಸ ಜರಗತೈತ್ರಿ. ನಿಂತಾಗಿನ ಆಕಾರನ ಖರೇ ಆಕಾರ" ಅಂದರು.

"ನಾವೂ ಕೂತೋರ ಅಳತಿ ತಗೊಳ್ಳೂದಿಲ್ರಿ" ಅಂದೆ.

ಅವರ ಪೆನ್ನು ನಿಂತಿತು. "ಟೇಲರ್ ಏನ್ರಿ ನೀವು? ಹಂಗಾರ ನೋಡಿ ಹೇಳ್ರಿ, ಎರಡೂ ಕಡೆ ಸಮ ಬಂದಾವೇನು?"

ನನಗೆ ಎಡಗಡೆಯದು ಅರ್ಧ ಬೆರಳು ಕೆಳಗೆ ಕಂಡಿತು. ಅಂಜುತ್ತಲೇ ಹೇಳಿದೆ. ಡಾಕ್ಟರು ತಂಗಿಯ ಪಾದ ನೋಡಿದರು. ಹೆದರಿಕೆಯಲ್ಲಿ ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಎರಡೂ ಪಾದ ಊರಿಸಿ, ಎಡಗಡೆಯ ಗೆರೆ ಒರೆಸಿ, ಮತ್ತೆ ಎಳೆದರು. "ಎಲ್ಲಾ ತಗ್ಯೂದಿಲ್ರಿ, ಒಂದಿಷ್ಟ ಬಿಡತೇನಿ. ಹೆಚ್ಚಿಗಿ ತಗದರ ತಗ್ಗು ಬೀಳತೈತಿ, ತಿರುಗಿ ತುಂಬೂದು ಕಷ್ಟ" ಅಂದರು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಕತ್ತರಿ ಹಾಕಬೇಡ ಎಂದು ನನಗೆ ಕೆಲಸ ಕಲಿಸಿದಾಕೆ ಬೈಯುತ್ತಿದ್ದುದು ಇದನ್ನೇ.

ಅದೇ ಸಂಜೆ ತಂಗಿಯನ್ನು ಎಬ್ಬಿಸಿ ನಡೆಸಿದರು. ನಡುವಿನಿಂದ ಮೊಣಕಾಲಿನವರೆಗೆ ಬಿಗಿಯಾದ ಉಡುಪು ಹಾಕಿದ್ದರು. ಕೆಲವು ವಾರ ಅದನ್ನು ಸ್ನಾನಕ್ಕಷ್ಟೇ ಬಿಚ್ಚಬೇಕು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು: "ಚರ್ಮ ಸ್ವಲ್ಪ ದಿನ ಜೋಮು ಹಿಡದಂಗ ಇರತೈತಿ. ಬಿಸಿ ತಾಗಿದ್ದು ಅವರಿಗೆ ತಿಳಿಯೂದಿಲ್ಲ. ಶಾಖಾ ಕೊಡೂದು ಬ್ಯಾಡ." ಹೂಂ ಅಂದೆ. ಪಾಳಾದಲ್ಲಿ ತಂಗಿಯನ್ನು ಇಳಿಸಿ, ಗುಟ್ಟು ಬಯಲಾದೀತೆಂದು ಆ ಮಾತನ್ನು ಅಲ್ಲಿ ಯಾರ ಮುಂದೂ ಆಡದೆ, ತಂಗಿಗೂ ಹೇಳದೆ ಹಳಿಯಾಳಕ್ಕೆ ಬಂದುಬಿಟ್ಟೆ.

ಐದನೇ ದಿನ ನೋಡಲು ಹೋದೆ. ಪಡಸಾಲೆಗೆ ಕಾಲಿಡುತ್ತಲೇ ಲೋಬಾನದ ವಾಸನೆ. ಒಳಕೋಣೆಯ ಬಾಗಿಲು ಅರೆ ಮುಚ್ಚಿತ್ತು. ನುಲಿಯ ಹೊರಸಿನ ಮೇಲೆ ತಂಗಿ ಕಂಬಳಿ ಹೊದ್ದು ಮಲಗಿದ್ದಾಳೆ. ಹೊರಸಿನ ಕೆಳಗೆ ಶೇಗಡಿ, ಅದರ ತುಂಬ ಕೆಂಡ. ಪಕ್ಕದ ತಾಟಿನಲ್ಲಿ ಬಾಣಂತಿಯರಿಗೆ ಕೊಡುವ, ತುಪ್ಪ ಜಿನುಗುವ ಅಂಟಿನ ಉಂಡೆ.

"ಬಾ ಯವ್ವಾ" ಅಂದರು ಅತ್ತೆ, ಮುಖದ ತುಂಬ ಸಂತೋಷ. "ನೀವು ಹೇಳಾಕ ನಾಚಿದರೇನಾತು, ನಡಾ ಬಿಗದು ಕಳಿಸಿದ್ದು ನೋಡೇ ತಿಳಕೊಂಡೆ. ಹೆಂಗಸರ ಆಪರೇಶನ್ ಅಂದರ ಬಾಣಂತನ ಇದ್ದಂಗ. ಬೆಚ್ಚಗಿದ್ದಷ್ಟು ಚಲೋ."

ನಾನು ಕಂಬಳಿಯೊಳಗೆ ಕೈ ಹಾಕಿದೆ. ಆ ಬಿಗಿಯುಡುಪು ಆಗಷ್ಟೇ ಇಸ್ತ್ರಿ ಮಾಡಿದ ಅರಿವೆಯಂತೆ ಕಾದಿತ್ತು.

"ಸುಡಾಕತ್ತಿಲ್ಲೇನ ನಿನಗ?"

"ಎದೀಗೆ ಬಿಸಿ ಹತ್ತೇತಿ. ಕೆಳಗ ಏನೂ ಇಲ್ಲಲಕ್ಕ" ಅಂದಳು ತಂಗಿ, ಅರೆನಿದ್ದೆಯಲ್ಲಿ.

ಶೇಗಡಿಯನ್ನು ಕಾಲಿನಿಂದಲೇ ಆಚೆ ದೂಡಿದೆ. ಉಡುಪು ಬಿಚ್ಚಿ ನೋಡಿದರೆ ಬಲತೊಡೆಯ ಹಿಂದೆ ಅಂಗೈಯಗಲ ಕೆಂಪು. ಫೋಟೋ ತೆಗೆದು ಕಳಿಸಿ ಡಾಕ್ಟರಿಗೆ ಫೋನು ಹಚ್ಚಿದೆ. ತಣ್ಣೀರು ಬಟ್ಟೆ ಹಾಕಲು ಹೇಳಿ, ತಕ್ಷಣ ಕರಕೊಂಡು ಬರ್ರಿ ಅಂದರು. ನೋಡಿದ ಮೇಲೆ ಸಮಾಧಾನದ ಉಸಿರುಬಿಟ್ಟರು. ಗುಳ್ಳೆ ಎದ್ದಿರಲಿಲ್ಲ. ಅತ್ತೆಯೂ ಜೊತೆಗೆ ಬಂದಿದ್ದರು. ಅವರಿಗೆ ಒಂದು ಮಾತೂ ಅನ್ನದೆ ಡಾಕ್ಟರು ನನ್ನ ಕಡೆ ತಿರುಗಿದರು. "ಅಜ್ಜಿ ತನಗ ಗೊತ್ತಿದ್ದ ಆರೈಕಿ ಮಾಡ್ಯಾರ. ಮುಚ್ಚಿಟ್ಟೋರು ನೀವು."

ವಾಪಸು ಬರುವಾಗ ಕಾರಿನಲ್ಲಿ ತಂಗಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಗೊಂಜಾಳದ ಚೀಲದ ಮಾತನ್ನೂ ಬಿಡಲಿಲ್ಲ. ಮನೆತನದ ಮಾನ, ಮೈ ತಿದ್ದಿಸಿಕೊಳ್ಳುವ ಖಯಾಲಿ ಎಂದು ಅತ್ತೆಯ ಬಾಯಿಂದ ಏನೇನು ಬರುತ್ತದೋ ಎಂದು ನಾನು ಕಾದೆ.

"ಹಂಗ ಅಂದಾಂವ ಯಾರು? ನಮ್ಮೂರಾಂವನ?" ಅಂದರು ಕೊನೆಗೆ. ಆಮೇಲೆ ನನಗೆ: "ಮೊದಲ ಹೇಳಿದ್ದರ ನಾ ಶೇಗಡಿ ಹಚ್ಚತಿದ್ದೆನೇನ? ಈಗ ಅಷ್ಟೂ ಉಂಡಿ ಯಾರ ತಿನ್ನೋರು?"

ತಿಂದವಳು ನಾನು. ನಡಿಗೆಯ ಉಪದೇಶ ಮಾಡಿದ ಡಾಕ್ಟರು ಸದ್ಯ ಅದನ್ನು ನೋಡಲಿಲ್ಲ.

ಅಂದಿನಿಂದ ಆ ಉಡುಪು ಅತ್ತೆಯ ವಶವಾಯಿತು. ದಿನಾ ಬೆಳಿಗ್ಗೆ ಅದನ್ನು ಸುಕ್ಕಿಲ್ಲದಂತೆ ಎಳೆದು, ಒಂದೊಂದೇ ಕೊಂಡಿ ಹಾಕುತ್ತಿದ್ದರು. ಓಣಿಯ ಹೆಂಗಸರು "ಎಷ್ಟ ಕಿಲೋ ಇಳದಾಳ ಸೊಸಿ?" ಎಂದು ಕೇಳಿದರೆ, "ಕಿಲೋ ಲೆಕ್ಕಾ ಕೇಳಾಕ ಆಕಿ ಏನ ಬದನಿಕಾಯೇನ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮೂರನೇ ವಾರ ತಂಗಿ ಫೋನಿನಲ್ಲಿ ಅತ್ತಳು. ಬಾವಿನಿಂದ ತೊಡೆ ಮೊದಲಿಗಿಂತ ದಪ್ಪ ಕಾಣುತ್ತಿತ್ತು, ತೂಕ ಒಂದು ಕಿಲೋ ಹೆಚ್ಚಿತ್ತು. ತಾಳು ಅಂದೆ. ತಿಂಗಳಿಗೊಮ್ಮೆ ಹೋಗಿ ಟೇಪು ಹಿಡಿದೆ, ಈಗ ಬೇಡ ಅನ್ನುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೆ ಟೇಪು, ಡಾಕ್ಟರು ಮೊದಲು ಬರೆದುಕೊಂಡಿದ್ದ ಅಳತೆಗಿಂತ ಎರಡೂವರೆ ಇಂಚು ಕಡಿಮೆ ತೋರಿಸಿತು. ತೂಕ ಮಾತ್ರ ಆಪರೇಶನ್ನಿಗೆ ಮೊದಲಿದ್ದಷ್ಟೇ. ಬಲಗಡೆ ಕೈಯಾಡಿಸಿದರೆ ಸಣ್ಣದೊಂದು ಏರುಪೇರು ಸಿಗುತ್ತದೆ. ಅದು ಇರಲಿ ಬಿಡಕ್ಕ ಅಂದಳು.

ಆಡಬಹುದು ಎಂದು ಡಾಕ್ಟರು ಹೇಳಿದ ವಾರವೇ ನಾನು ಅವಳ ಶಾಲೆಗೆ ಹೋದೆ. ತಂಗಿ ನೀಲಿ ಟ್ರ್ಯಾಕ್ ಪ್ಯಾಂಟಿನಲ್ಲಿ ಮೈದಾನಕ್ಕೆ ಬಂದಳು. ಹುಡುಗಿಯರು ಏನಾದರೂ ಅಂದಾರು ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯಾರೂ ಅವಳ ಕಾಲಿನ ಕಡೆ ನೋಡಲೇ ಇಲ್ಲ. ಅವಳು ಓಡಿ ಬಂದು, ಮೈ ಚಾಚಿ ಹಾರಿ, ಕಂಬ ದಾಟಿ ಕೈ ಬೀಸಿ, ಎದೆಯ ಮೇಲೆ ಮಣ್ಣಿನಲ್ಲಿ ಜಾರಿದಳು. ಎದ್ದಾಗ ಗಲ್ಲದ ತುಂಬ ಕೆಂಪು ಧೂಳು, ಮೊಣಕೈ ತರಚಿತ್ತು.

ಸಾಲಿನ ತುದಿಯಲ್ಲಿ ಕೂತಿದ್ದ ಕುಳ್ಳ ಹುಡುಗಿಯೊಬ್ಬಳು ಎದ್ದು ನಿಂತಳು. "ಮ್ಯಾಡಮ್ಮರ, ಎಡಗಾಲು ಎಲ್ಲಿ ಊರಿದ್ರಿ ತಿಳೀಲಿಲ್ರಿ. ಇನ್ನೊಮ್ಮೆ ತೋರಸ್ರಿ."

ತಂಗಿ ಧೂಳು ಕೂಡ ಝಾಡಿಸಿಕೊಳ್ಳದೆ ಓಟ ಶುರು ಮಾಡುವ ಜಾಗಕ್ಕೆ ನಡೆದಳು.