ಎಂಟು ತಿಂಗಳ ಮರಿಯನ್ನು ಬಿಟ್ಟ ದಿನ

ಮೊಲದ ಹಿಂದೆ ನಾಯಿ ಬಿಡುವ ಹೆಂಗಸು ನಾನಾಗುತ್ತೇನೆಂದು ಯಾರಾದರೂ ಹೇಳಿದ್ದರೆ ನಮ್ಮ ಮೈಸೂರಿನ ಮನೆಯಲ್ಲಿ ನಂಬುತ್ತಿರಲಿಲ್ಲ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷವಾದ ಮೇಲೂ ನನ್ನ ಅಡುಗೆಮನೆ ಹಾಗೆಯೇ ಉಳಿದಿತ್ತು. ನಾನು ಆಸ್ಪತ್ರೆಯಲ್ಲಿ ಎಕೋ ಟೆಕ್ನಿಷಿಯನ್. ದಿನವಿಡೀ ಮಬ್ಬು ಕೋಣೆಯಲ್ಲಿ ಕುಳಿತು ಪರದೆಯ ಮೇಲೆ ಬೇರೆಯವರ ಹೃದಯ ನೋಡುವುದು ನನ್ನ ಕೆಲಸ.

ಅದೇ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರೊಬ್ಬರು ಬಾಗಲಕೋಟೆ ಕಡೆಯವರು. ಎಲ್ಲರೊಡನೆ ಇಂಗ್ಲಿಷ್, ನನ್ನೊಡನೆ ಮಾತ್ರ ಅಚ್ಚ ಅವರೂರಿನ ಕನ್ನಡ. ನಿವೃತ್ತಿಯಾದ ಮೇಲೆ ಅವರು ಜೆರ್ಸಿಯ ಪಶ್ಚಿಮದ ಕಡೆ ಇಪ್ಪತ್ತು ಎಕರೆ ಕೊಂಡು ಸೇಬಿನ ಸಸಿ ನೆಟ್ಟಿದ್ದರು. ಚಳಿಗಾಲದಲ್ಲಿ ಹಸಿರು ಸಿಗದ ಮೊಲಗಳು ಸಸಿಯ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತಿದ್ದವು. ವಸಂತಕ್ಕೆ ಆ ಸಸಿ ಚಿಗುರುತ್ತಿರಲಿಲ್ಲ. ಅದಕ್ಕಾಗಿ ಅವರು ಲರ್ಚರ್ ಸಾಕಿದ್ದರು. ಗ್ರೇಹೌಂಡ್ ನಾಯಿಗೂ ಕುರಿ ಕಾಯುವ ನಾಯಿಗೂ ಬೆರಕೆಯಾಗಿ ಹುಟ್ಟಿದ್ದು ಲರ್ಚರ್. ಒಂದರ ಓಟ, ಇನ್ನೊಂದರ ಬುದ್ಧಿ. ಅವರ ತಾತ ಊರಲ್ಲಿ ಮುಧೋಳ ನಾಯಿಗಳನ್ನು ಸಾಕುತ್ತಿದ್ದರಂತೆ. ಹಾಗಾಗಿ ಓಡುವ ನಾಯಿಯ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು.

ಆ ಮಾರ್ಚಿನಲ್ಲಿ ಅವರ ನಾಯಿ ಮರಿ ಹಾಕಿತು. ಒಂದು ಬೂದು ಬಣ್ಣದ ಹೆಣ್ಣು ಮರಿಗೆ ಮನೆ ಸಿಗಲಿಲ್ಲ. ನನ್ನ ಗಂಡ ಬೆಳಗ್ಗೆ ಆರಕ್ಕೆ ರೈಲು ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ನನಗೂ ಜೊತೆ ಬೇಕಿತ್ತು. ಕೇಳಿದೆ.

“ನೋಡವಾ ತಂಗಿ,” ಅಂದರು ಡಾಕ್ಟರು, “ಇದು ಸೋಫಾದ ಮ್ಯಾಲೆ ಮಲಗೋ ನಾಯಿ ಅಲ್ಲ. ಓಡಾಕ ಹುಟ್ಟೈತಿ. ವಾರಾ ವಾರಾ ಇಲ್ಲಿ ತಂದು ನಾ ಹೇಳಿದಂಗ ಕಲಸ್ತೀನಿ ಅಂದ್ರ ಒಯ್ಯಿ. ಇಲ್ಲಂದ್ರ ಬ್ಯಾಡ.”

“ಬರ್ತೀನಿ ಸರ್,” ಅಂದೆ.

ಹೇಳಿದಂತೆ ಪ್ರತಿ ಭಾನುವಾರ ಹೋದೆ. ಅವರ ಪಾಠದಲ್ಲಿ ಮೊಲದ ಮಾತೇ ಇರಲಿಲ್ಲ. ಮೊದಲು ಕೋಳಿಗಳ ನಡುವೆ ಹಗ್ಗ ಹಿಡಿದು ನಡೆಸಬೇಕು. ಆಮೇಲೆ ಪಕ್ಕದ ಫಾರ್ಮಿನ ಕುರಿಗಳ ನಡುವೆ. ಮರಿ ಕುರಿಯತ್ತ ಕಿವಿ ಎತ್ತಿದರೆ ಸಾಕು, ಅವರು ಹಗ್ಗ ಎಳೆದುಕೊಂಡು ಸರ್ರನೆ ಹಿಂದಕ್ಕೆ ತಿರುಗಿ ನಡೆದುಬಿಡುತ್ತಿದ್ದರು. ಜಿಂಕೆ ಕಂಡರೂ ಹಾಗೆಯೇ. ಉದ್ದಕ್ಕೆ ಒಂದು ಸೀಟಿ ಊದಿದರೆ ಎಲ್ಲಿದ್ದರೂ ಅಲ್ಲೇ ಮಲಗಬೇಕು, ಎರಡು ಚಿಕ್ಕ ಸೀಟಿಗೆ ಓಡಿ ಬರಬೇಕು. ಒಣಗಿದ ಮೊಲದ ಚರ್ಮವನ್ನು ದಾರಕ್ಕೆ ಕಟ್ಟಿ ಎಳೆಯುವುದು ವಾರಕ್ಕೆ ಒಂದೇ ಸಲ. ಹೆಚ್ಚಾದರೆ ಅದು ಸುಳ್ಳೆಂದು ನಾಯಿಗೆ ಗೊತ್ತಾಗಿಬಿಡುತ್ತದೆ ಅನ್ನುತ್ತಿದ್ದರು.

ಏಳು ತಿಂಗಳಿಗೆ ಅವಳು ನನ್ನ ತೊಡೆಯ ಎತ್ತರಕ್ಕೆ ಬೆಳೆದಿದ್ದಳು. ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಒರಟು ಕೂದಲು. ಮೈದಾನದಲ್ಲಿ ಸುಮ್ಮನೆ ಸುತ್ತು ಹೊಡೆದರೂ ನನ್ನ ಎದೆ ಡವಡವ ಅನ್ನುತ್ತಿತ್ತು.

“ಇನ್ನು ಬಿಡಬಹುದಾ ಸರ್?” ಎಂದು ಒಂದು ದಿನ ಕೇಳಿದೆ.

ಅವರು ಅವಳ ಮುಂಗಾಲಿನ ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. “ಮೈ ಬೆಳದೈತಿ. ಮೂಳಿ ಇನ್ನೂ ಹಸಿ, ತಲಿ ಅದಕ್ಕಿಂತ ಹಸಿ. ವರ್ಷ ತುಂಬ್ಲಿ, ಮ್ಯಾಲೆ ಎರಡು ಮೂರು ತಿಂಗಳ ಹೋಗ್ಲಿ. ಮೊದಲನೇ ಮೊಲಾ ಸಿಗೂವಂಥದ್ದು ಇರಬೇಕು. ಗಿಡ್ಡ ಹುಲ್ಲು, ಪೊದಿ ದೂರ, ಸುತ್ತ ಜಿಂಕಿ ಇರಬಾರ್ದು. ನಾಕು ಸಲ ಸೋತ್ರ ನಾಯಿ ಮನಸ್ಸು ಮುರಿತೈತಿ. ಇಲ್ಲಾ, ಓಡ್ತಾ ಬೊಗಳಾಕ ಕಲಿತೈತಿ. ಆಮ್ಯಾಲೆ ಅದನ್ನ ಬಿಡಸಾಕ ಆಗಂಗಿಲ್ಲ.”

ನಾನು ತಲೆಯಾಡಿಸಿದೆ. ಆದರೆ ಮನೆಗೆ ಬಂದು ಫೋನಿನಲ್ಲಿ ಬೇರೆಯವರ ನಾಯಿಗಳು ಬೇಟೆಯಾಡುವ ವಿಡಿಯೋ ನೋಡುತ್ತಿದ್ದೆ. ಕೆಲವು ನನ್ನದಕ್ಕಿಂತ ಚಿಕ್ಕವು. ನೋಡಿ ನೋಡಿ ನನ್ನಲ್ಲೊಂದು ಚಡಪಡಿಕೆ ಸೇರಿಕೊಂಡಿತು. ಅದು ನಾಯಿಯ ಅವಸರ ಅಂದುಕೊಂಡೆ. ನನ್ನದು ಎಂದು ಆಗ ಒಪ್ಪಿಕೊಳ್ಳಲಿಲ್ಲ.

ನವೆಂಬರಿನಲ್ಲಿ ಡಾಕ್ಟರು ಮಗಳನ್ನು ನೋಡಲು ಎರಡು ವಾರ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅವರ ನಾಯಿಗಳನ್ನು ಪಕ್ಕದ ಫಾರ್ಮಿನವರು ಇಟ್ಟುಕೊಂಡರು. ಶನಿವಾರ ಕೋಳಿಗಳಿಗೆ ಕಾಳು ನೀರು ಹಾಕುವುದು ನನ್ನ ಪಾಲಿಗೆ ಬಂತು. ಗೇಟಿನ ಚಾವಿಯನ್ನು ನನ್ನ ಕೈಗೇ ಕೊಟ್ಟಿದ್ದರು.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಕೋಳಿಗಳ ಕೆಲಸ ಮುಗಿಸಿ ಮರಿಯನ್ನು ಸಸಿಗಳ ಸಾಲಿನತ್ತ ಕರೆದುಕೊಂಡು ಹೋದೆ. ಅವಳ ಕೊರಳಪಟ್ಟಿಗೆ ಬೇಟೆನಾಯಿಯ ಹಗ್ಗ ತೂರಿಸಿ ಹಿಡಿದಿದ್ದೆ. ಬೆರಳು ಸಡಿಲಿಸಿದರೆ ಕಳಚಿಕೊಳ್ಳುವಂಥದ್ದು. ಮಾಮೂಲಿ ಹಗ್ಗ ಕಾರಿನಲ್ಲೇ ಇತ್ತು. ಬಿಡುವ ಯೋಚನೆ ಇರಲಿಲ್ಲವೆಂದು ನಾನು ಎಷ್ಟು ಹೇಳಿಕೊಂಡರೂ ಆ ಹಗ್ಗವನ್ನು ಆರಿಸಿದ ಕೈ ನನ್ನದೇ.

ಮೂವತ್ತು ಹೆಜ್ಜೆ ದೂರದಲ್ಲಿ, ಒಣ ಹುಲ್ಲಿನಲ್ಲಿ ಮೊಲವೊಂದು ಕುಳಿತಿತ್ತು. ಮರಿ ನನಗಿಂತ ಮೊದಲೇ ನೋಡಿದ್ದಳು. ಅವಳ ಮೈ ಬಿಲ್ಲಿನಂತೆ ಬಿಗಿದು, ಹಿಂಗಾಲು ನಡುಗುತ್ತಿತ್ತು. ಮೊಲದ ಸೀಸನ್ ಶುರುವಾಗಿತ್ತು, ನನ್ನ ಹತ್ತಿರ ಲೈಸನ್ಸೂ ಇತ್ತು. ಕಾನೂನಿನ ಪ್ರಕಾರ ತಪ್ಪೇನಿರಲಿಲ್ಲ. ಬೆರಳು ಸಡಿಲಿಸಿದೆ.

ಅವಳು ಓಡಿದ್ದು ನೋಡಿ ನನಗೆ ಉಸಿರೇ ಬರಲಿಲ್ಲ. ಮೊಲ ಒಂದು ಕ್ಷಣ ನೇರ ಹೋಗಿ ಪಕ್ಕಕ್ಕೆ ಚಿಮ್ಮಿತು. ಅವಳು ಅಷ್ಟು ವೇಗದಲ್ಲಿ ತಿರುಗಲಾಗದೆ ಮುಗ್ಗರಿಸಿ ಎರಡು ಪಲ್ಟಿ ಹೊಡೆದಳು, ಎದ್ದಳು, ಮತ್ತೆ ಹಿಂದೆ ಬಿದ್ದಳು. ಮೊಲ ಮೈದಾನದಂಚಿನ ಪೊದೆಗೆ ನುಗ್ಗಿತು. ಅವಳೂ ನುಗ್ಗಿದಳು. ಮರುಗಳಿಗೆಯಲ್ಲೇ ಆ ಪೊದೆಯಿಂದ ಒಂದು ಹೆಣ್ಣು ಜಿಂಕೆ ಬಿಳಿ ಬಾಲ ಎತ್ತಿಕೊಂಡು ಹೊರಬಿತ್ತು.

ನಾನು ಉದ್ದಕ್ಕೆ ಸೀಟಿ ಊದಿದೆ. ಅವಳ ಕಿವಿಯೂ ಅಲುಗಲಿಲ್ಲ. ಜಿಂಕೆ ಬೇಲಿಯನ್ನು ಸಲೀಸಾಗಿ ಹಾರಿತು. ಅವಳು ಮುಳ್ಳುತಂತಿಯ ನಡುವೆ ತೂರಿದಳು. ಕುಂಯ್ ಅಂದದ್ದು ನನಗೆ ಕೇಳಿಸಿತು, ಆದರೆ ನಿಲ್ಲಲಿಲ್ಲ. ಎರಡೂ ಕಾಡಿನೊಳಗೆ ಮಾಯವಾದವು.

ಆ ಕಾಡಿನಾಚೆ ಏನಿದೆಯೆಂದು ನನಗೆ ಗೊತ್ತಿತ್ತು. ಲಾರಿಗಳು ಐವತ್ತು ಮೈಲಿ ವೇಗದಲ್ಲಿ ಹೋಗುವ ರಸ್ತೆ.

ಓಡಿದೆ. ಕಾಲಡಿಯಲ್ಲಿ ಒಣಗಿದ ಎಲೆ, ಅದರ ಕೆಳಗೆ ಕಲ್ಲು. ಎಲ್ಲೋ ದೂರದಲ್ಲಿ ಬಂದೂಕಿನ ಸದ್ದಾಯಿತು. ಜಿಂಕೆಯನ್ನು ಅಟ್ಟುವ ನಾಯಿಯನ್ನು ಕಂಡರೆ ಕೆಲವರು ನಾಯಿಗೇ ಗುಂಡು ಹಾಕುತ್ತಾರೆಂದು ಡಾಕ್ಟರು ಹೇಳಿದ್ದು ನೆನಪಾಯಿತು. ಜೇಬಿನಲ್ಲಿ ಫೋನ್ ಅದುರುತ್ತಿತ್ತು. ಗಂಡನದಿರಬೇಕು. ತೆಗೆಯಲಿಲ್ಲ.

“ಮ್ಯಾಮ್,” ಎಂದು ಯಾರೋ ಮೇಲಿನಿಂದ ಕರೆದರು.

ಮರಕ್ಕೆ ಕಟ್ಟಿದ ಸೀಟಿನ ಮೇಲೆ, ಎಲೆಬಣ್ಣದ ಬಟ್ಟೆ ತೊಟ್ಟ ಗಡ್ಡದವನೊಬ್ಬ ಕುಳಿತಿದ್ದ. ಮಡಿಲಲ್ಲಿ ಬಿಲ್ಲು.

“ಬೂದು ನಾಯಿ ನಿಮ್ಮದಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹೂಂ ಅನ್ನಲೂ ಉಸಿರಿರಲಿಲ್ಲ. ತಲೆಯಾಡಿಸಿದೆ.

“ಜಿಂಕೆಗೆ ಬಿಲ್ಲು ಎಳೆದಾಗಿತ್ತು. ಹಿಂದೆಯೇ ನಾಯಿ ಬಂತು. ಪುಣ್ಯಕ್ಕೆ ಬಾಣ ಬಿಡಲಿಲ್ಲ.” ಅವನ ದನಿಯಲ್ಲಿ ಕೋಪವಿತ್ತು, ಆದರೆ ನನ್ನ ಮುಖ ನೋಡಿ ಅದನ್ನು ನುಂಗಿಕೊಂಡ. ಕೈ ತೋರಿಸಿದ. “ರಸ್ತೆ ಕಡೆ ಹೋದವು. ಬೇಗ ಹೋಗಿ.”

ಮರಗಳು ಮುಗಿಯುವ ಮೊದಲೇ ಬ್ರೇಕಿನ ಕೀರಲು ಸದ್ದು ಕೇಳಿತು, ಅದರ ಹಿಂದೆಯೇ ಉದ್ದನೆಯ ಹಾರ್ನ್. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಮುಂದೆ ಹೋಗಿ ನೋಡುವ ಧೈರ್ಯ ಬರಲು ಎಷ್ಟು ಹೊತ್ತು ಹಿಡಿಯಿತೋ, ಬಹುಶಃ ಎರಡೇ ಸೆಕೆಂಡು.

ರಸ್ತೆಯಲ್ಲಿ ಏನೂ ಬಿದ್ದಿರಲಿಲ್ಲ. ಕಾರೊಂದು ನಿಧಾನವಾಗಿ ಮುಂದಕ್ಕೆ ಸರಿಯುತ್ತಿತ್ತು. ಜಿಂಕೆ ಆಚೆಯ ಜೋಳದ ಕೂಳೆಗಳಲ್ಲಿ ದೂರ ಹೋಗುತ್ತಿತ್ತು. ಮರಿ ಆಚೆ ಬದಿಯ ದಿಬ್ಬದ ಮೇಲೆ ನಾಲಗೆ ಜೋಲು ಬಿಟ್ಟು ನಿಂತಿದ್ದಳು. ಎದೆಯ ಮೇಲೆ ಕೆಂಪು. ಅವಳೂ ನನ್ನನ್ನು ನೋಡಿದಳು. ಬಾಲ ಆಡಿತು.

ಎಡಗಡೆಯ ತಿರುವಿನಿಂದ ಲಾರಿಯೊಂದು ಬರುತ್ತಿತ್ತು.

ಅವಳು ನನ್ನತ್ತ ಒಂದು ಹೆಜ್ಜೆ ಇಟ್ಟಳು. ಕೂಗಿದರೆ ಬಂದೇ ಬರುತ್ತಾಳೆ. ಸುಮ್ಮನಿದ್ದರೂ ಬರುತ್ತಾಳೆ. ಸೀಟಿ ತುಟಿಗಿಟ್ಟೆ. ಬಾಯಿ ಒಣಗಿ ಮೊದಲ ಸಲ ಬರೀ ಗಾಳಿ ಬಂತು. ಎರಡನೇ ಸಲ ಉದ್ದಕ್ಕೆ ಊದಿದೆ. ಅವಳು ಮುಂಗಾಲು ಮಡಿಸಿದಳು, ಅರ್ಧ ಮಲಗಿದಳು, ಮತ್ತೆ ಎದ್ದಳು. ನಾನು ಅಂಗೈ ಚಾಚಿ ಮತ್ತೆ ಊದಿದೆ, ಉಸಿರು ಮುಗಿಯುವವರೆಗೂ. ಲಾರಿ ನಮ್ಮಿಬ್ಬರ ನಡುವೆ ಬಂತು. ಚಕ್ರಗಳ ಸದ್ದು ಬಿಟ್ಟು ಬೇರೇನೂ ಇಲ್ಲ. ಅದು ದಾಟಿದಾಗ ಅವಳು ದಿಬ್ಬದ ಹುಲ್ಲಿಗೆ ಹೊಟ್ಟೆಯೂರಿ ಮಲಗಿದ್ದಳು.

ನಾನು ರಸ್ತೆ ದಾಟಿ ಅವಳ ಕೊರಳಪಟ್ಟಿಗೆ ಬೆರಳು ತೂರಿಸಿ ಅಲ್ಲೇ ಕುಳಿತುಬಿಟ್ಟೆ. ಎದೆಯ ಚರ್ಮ ಒಂದು ಗೇಣು ಹರಿದಿತ್ತು. ಮುಂಗಾಲಿನ ಪಾದದ ಮೆತ್ತೆ ಕಿತ್ತು ಬಂದಿತ್ತು. ನನ್ನ ಜಾಕೆಟ್ ಬಿಚ್ಚಿ ಅವಳ ಎದೆಗೆ ಸುತ್ತಿ, ಹೊತ್ತು, ಇಳಿಸಿ, ಮತ್ತೆ ಹೊತ್ತು, ಕಾರಿನವರೆಗೆ ತಂದೆ.

ತುರ್ತು ಪಶುವೈದ್ಯರಲ್ಲಿ ಇಪ್ಪತ್ತೆರಡು ಹೊಲಿಗೆ ಬಿದ್ದವು. ಗಂಡ ಟ್ಯಾಕ್ಸಿ ಮಾಡಿಕೊಂಡು ಬಂದರು. ನನ್ನ ಬಟ್ಟೆಯ ಮೇಲಿನ ರಕ್ತ ನೋಡಿ ಬಿಳಿಚಿಕೊಂಡರು.

“ನೀನು ಓಕೆನಾ?”

“ನಂದಲ್ಲ ಇದು.”

“ಹೇಗಾಯ್ತು? ಹಗ್ಗ ಕಿತ್ಕೊಂಡು ಹೋಯ್ತಾ?”

ಹೌದು ಅನ್ನುವುದು ಬಹಳ ಸುಲಭವಾಗಿತ್ತು. “ಇಲ್ಲ. ನಾನೇ ಬಿಟ್ಟೆ,” ಅಂದೆ. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು, “ಡಾಕ್ಟರ್‌ಗೆ ಕಾಲ್ ಮಾಡಿದ್ಯಾ?” ಎಂದು ಮಾತ್ರ ಕೇಳಿದರು.

ಮಾಡಿದೆ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ರೋಗಿಯ ಬಗ್ಗೆ ಕೇಳುವಂತೆ ಕೇಳಿದರು. “ವಸಡಿನ ಬಣ್ಣ ಹೆಂಗೈತಿ? ಉಸಿರು? ಶ್ವಾಸಕೋಶಕ್ಕ ಏನೂ ತಗಲಿಲ್ಲಲಾ?” ಎಲ್ಲಕ್ಕೂ ಉತ್ತರ ಕೊಟ್ಟೆ.

“ಗೇಟಿನ ಚಾವಿ ಪಕ್ಕದ ಫಾರ್ಮಿನವರ ಹಂತ್ಯಾಕ ಕೊಟ್ಟು ಹೋಗು,” ಎಂದು ಹೇಳಿ ಫೋನ್ ಇಟ್ಟರು.

ಮೂರು ವಾರ ಅವರಿಂದ ಮಾತಿಲ್ಲ. ನಾನು ಎರಡು ಮೆಸೇಜ್ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಕೆಲಸದಲ್ಲಿ ಪರದೆಯ ಮೇಲೆ ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ನೋಡುತ್ತಿದ್ದಾಗಲೂ ಆ ಲಾರಿಯ ಚಕ್ರ ನೆನಪಿಗೆ ಬರುತ್ತಿತ್ತು. ಮರಿಯ ಗಾಯ ಮಾಗಿತು, ಬುದ್ಧಿ ಕೆಟ್ಟಿತು. ನಮ್ಮ ಟೌನ್‌ಹೌಸಿನ ಹಿಂದೆ ಜಿಂಕೆ ಸುಳಿದರೆ ಕಿಟಕಿಯ ಗಾಜಿಗೆ ಹಾರಿ ಕಿರುಚುತ್ತಿದ್ದಳು. ಮೊದಲು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಡಾಕ್ಟರು ಹೇಳದೆ ಕೇಳದೆ ಬಂದರು. ಬೂಟು ಬಿಚ್ಚಿಟ್ಟು ನೆಲದ ಮೇಲೆ ಕುಳಿತು ಅವಳ ಎದೆಯ ಗೆರೆಯ ಮೇಲೆ ಕೈಯಾಡಿಸಿದರು.

“ನಾನೂ ಒಂದು ನಾಯಿ ಕೆಡಿಸೀನಿ,” ಎಂದರು, ನನ್ನತ್ತ ನೋಡದೆ. “ಕಾಲೇಜಿನಾಗ ಇದ್ದೆ. ಗೆಳ್ಯಾರ ಮುಂದ ತೋರಸಾಕ ಬಿಟ್ಟೆ. ಏಳು ತಿಂಗಳ ಮರಿ. ಭುಜ ಮುರೀತು. ನಮ್ಮ ಅಜ್ಜ ಒಂದು ವರ್ಷ ನನ್ನ ಕೂಡ ಮಾತಾಡ್ಲಿಲ್ಲ.” ಅವಳ ಕಿವಿ ಸವರುತ್ತಾ, “ನನಗ ಅಷ್ಟು ದಿವಸ ಸುಮ್ಕ ಇರಾಕ ಆಗಂಗಿಲ್ಲ, ವಯಸ್ಸಾತು,” ಅಂದರು.

“ಇವಳು ಸರಿ ಹೋಗ್ತಾಳಾ ಸರ್?”

“ಗೊತ್ತಿಲ್ಲ. ಮೊದಲಿಂದ ಶುರು ಮಾಡೂಣು. ಹಗ್ಗ ಬಿಚ್ಚಂಗಿಲ್ಲ. ನಾ ಹೇಳೂತನಾ.”

ಅವರು ಹೇಳಲು ಹತ್ತು ತಿಂಗಳು ಬೇಕಾಯಿತು. ಮತ್ತೆ ಕೋಳಿ, ಮತ್ತೆ ಕುರಿ. ಸಂಜೆಯಾಗುವ ಮುಂಚೆ ಜಿಂಕೆ ಮೇಯುವ ಜಾಗಗಳಿಗೆ ಹೋಗಿ, ಉದ್ದ ಹಗ್ಗದಲ್ಲಿ ಅವಳನ್ನು ಮಲಗಿಸಿ, ನಾನೂ ಪಕ್ಕದಲ್ಲಿ ಕುಳಿತು, ಜಿಂಕೆಗಳು ತಾವಾಗಿ ಹೋಗುವವರೆಗೂ ಕಾಯುವುದು. ಮೊದಮೊದಲು ಹಗ್ಗ ನನ್ನ ಅಂಗೈ ಸುಲಿಯಿತು. ಜುಲೈ ಹೊತ್ತಿಗೆ ನಡುಗುತ್ತಾ ಮಲಗಿರುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಜಿಂಕೆಯನ್ನು ನೋಡಿ, ತಿರುಗಿ ನನ್ನ ಮುಖ ನೋಡಿದಳು. ಆ ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ.

ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ ಅವರು ನಮ್ಮನ್ನು ತೋಟದ ಮೇಲ್ಭಾಗಕ್ಕೆ ಕರೆದರು. ಆಗವಳಿಗೆ ಹತ್ತೊಂಬತ್ತು ತಿಂಗಳು. ಹಿಂದಿನ ದಿನವೇ ಹುಲ್ಲು ಕತ್ತರಿಸಿದ್ದರು. ಪೊದೆಗಳತ್ತ ತಮ್ಮ ಹಳೆಯ ನಾಯಿಯನ್ನು ಕರೆದೊಯ್ದು ಜಿಂಕೆಗಳಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ನಾವು ಗಾಳಿಗೆದುರಾಗಿ ನಡೆದೆವು. ಸಾಲಿನ ನಡುವೆ ಮೊಲ ಎದ್ದಿತು. ನನ್ನ ಬೆರಳು ಸಡಿಲವಾಗಲು ಒಪ್ಪಲಿಲ್ಲ.

“ಬಿಡವಾ,” ಅಂದರು ಮೆಲ್ಲಗೆ.

ಬಿಟ್ಟೆ. ಅವಳು ಈ ಸಲ ಮೈಮೇಲೆ ಬೀಳುವಂತೆ ಓಡಲಿಲ್ಲ. ಒಂದು ಮಾರು ಹಿಂದೆಯೇ ಉಳಿದು, ಮೊಲ ತಿರುಗಿದಾಗ ತಾನೂ ತಿರುಗಿದಳು. ಎರಡನೇ ತಿರುವಿನಲ್ಲಿ ತಲೆ ಬಗ್ಗಿತು. ಸದ್ದೇ ಇಲ್ಲ. ಎರಡು ಚಿಕ್ಕ ಸೀಟಿ ಊದಿದೆ. ಅವಳು ತಲೆಯೆತ್ತಿ ನಡೆದು ಬಂದಳು. ಬಾಯಲ್ಲಿದ್ದ ಮೊಲಕ್ಕೆ ಇನ್ನೂ ಜೀವವಿತ್ತು.

ನಾನು ಡಾಕ್ಟರ ಕಡೆ ನೋಡಿದೆ. ಅವರು ಕೈ ಚಾಚಲಿಲ್ಲ.

“ನಾಯಿ ನಿಂದು. ತ್ರಾಸ ಕೊಡಬಾರ್ದು, ಲಗೂನ ಮಾಡು,” ಎಂದು ಅದರ ಕತ್ತನ್ನು ಹೇಗೆ ಹಿಡಿದು ಮುರಿಯಬೇಕೆಂದು ಮಾತಿನಲ್ಲೇ ಹೇಳಿದರು. ಹೇಳಿದಂತೆ ಮಾಡಿದೆ. ಅದು ಬಿಸಿಯಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಆಮೇಲೆ ಬಹಳ ಹೊತ್ತು ಕೈ ಜೇಬಿನಿಂದ ತೆಗೆಯಲಾಗಲಿಲ್ಲ. ಬೇಸರವಾಯಿತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದನ್ನು ಬಿಟ್ಟು ಹೇಳಿದರೂ ಸುಳ್ಳಾಗುತ್ತದೆ.

ಇನ್ನೊಂದು ಮೊಲದ ಹಿಂದೆ ಬಿಡೋಣವೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಧ್ಯಾಹ್ನ ಅವರು ಮೊಲಕ್ಕೆ ಖಾರ ಅರೆದು ತಮಗೆ ಸಾರು ಮಾಡಿಕೊಂಡರು, ಅದರ ಲಿವರನ್ನು ಬೇಯಿಸಿ ನಾಯಿಗೆ ಹಾಕಿದರು. ನಾನು ಮನೆಯಿಂದ ತಂದ ಮೊಸರನ್ನದ ಡಬ್ಬಿ ಬಿಚ್ಚಿ ಅದೇ ವರಾಂಡದಲ್ಲಿ ಕುಳಿತೆ. ಎರಡು ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯದು ಇಳಿಯಿತು. ಡಾಕ್ಟರು ಉಪ್ಪಿನಕಾಯಿಯ ಬಾಟಲಿಯನ್ನು ನನ್ನತ್ತ ಸರಿಸಿದರು.